ಕೌಂಟರಿನ ಒಳಗೆ ಕೂತವರಿಗೆ ಯಾವ ಭಾಷೆ ಬರಬೇಕು?

ಫಸ್ಟ್ ಇಯರ್‌ನಲ್ಲಿ ನಮಗೆಲ್ಲ ಒಂದು ಕ್ರೆಡಿಟ್‌ನ ಕನ್ನಡ ಇತ್ತಲ್ವಾ? ಕನ್ನಡ ಬರುವವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ಹಿಂದಿನ ರಾತ್ರಿ ಓದಿ, ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಿ ಬಂದೆವು. ಹೊರರಾಜ್ಯದ ಗೆಳೆಯರೂ ಒಳ್ಳೇ ಮಾರ್ಕ್ಸ್ ತಗೊಂಡರು, ಆದರೆ ಮೆಸ್‌ನಲ್ಲಿ ‘ಇನ್ನೊಂದು ಸ್ವಲ್ಪ ಸಾರು ಹಾಕಿ’ ಅಂತ ಕೇಳೋಕೆ ಇವತ್ತಿಗೂ ಬರಲ್ಲ. ನಗೋದು ಬೇಡ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಲ್ಲಿ ಎಷ್ಟು ಜನಕ್ಕೆ ಪಹಣಿ ಅಂದ್ರೆ ಏನು ಅಂತ ಗೊತ್ತು?

ಇದೇ ಪಾಡನ್ನು ಒಂದು ಇಡೀ ದೇಶದ ಸರ್ಕಾರಿ ನೌಕರರು ಪಟ್ಟಿದ್ದಾರೆ. ಆ ದೇಶ ದಕ್ಷಿಣ ಅಮೆರಿಕದ ಬೊಲಿವಿಯಾ.

ಬೊಲಿವಿಯಾಕ್ಕೆ ಸ್ಪೇನಿನಿಂದ ಸ್ವಾತಂತ್ರ್ಯ ಸಿಕ್ಕಿದ್ದು 1825ರಲ್ಲಿ. ಆದರೆ ಕಚೇರಿ, ಕೋರ್ಟು, ಶಾಲೆ ಎಲ್ಲ ಸ್ಪ್ಯಾನಿಷ್‌ನಲ್ಲೇ ಉಳಿದವು. ಆಂಡಿಸ್ ಬೆಟ್ಟಗಳ ಕಡೆ ಜನ ಆಡುತ್ತಿದ್ದದ್ದು ಐಮಾರಾ ಮತ್ತು ಕೆಚುವಾ, ತಗ್ಗಿನ ಕಡೆ ಗುವಾರನಿ ಮತ್ತು ಇನ್ನೂ ಹಲವು. 1952ರ ಕ್ರಾಂತಿಯವರೆಗೆ ಓದು ಬರಹ ಬಾರದವರಿಗೆ ಓಟೇ ಇರಲಿಲ್ಲ. ಓದು ಬರಹ ಅಂದ್ರೆ ಸ್ಪ್ಯಾನಿಷ್ ಅಂತಲೇ ಅರ್ಥ.

2009ರ ಹೊಸ ಸಂವಿಧಾನದ 5ನೇ ವಿಧಿ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಅಧಿಕೃತ ಅಂತ ಹೆಸರಿಸಿತು. (ಆ ಪಟ್ಟಿಯಲ್ಲಿ ಪುಕಿನಾ ಅನ್ನೋ ಭಾಷೆಯೂ ಇದೆ. ಅದನ್ನು ಆಡುವವರು ಇಲ್ಲವಾಗಿ ಬಹಳ ಕಾಲವೇ ಆಗಿದೆ!) 234ನೇ ವಿಧಿ ಇನ್ನೂ ಮುಂದೆ ಹೋಗಿ, ಸರ್ಕಾರಿ ಹುದ್ದೆಗೆ ಕನಿಷ್ಠ ಎರಡು ಅಧಿಕೃತ ಭಾಷೆ ಮಾತಾಡಲು ಬರಲೇಬೇಕು ಅಂದಿತು. ಒಂದೇ ದಿನದಲ್ಲಿ ಆಗುವ ಕೆಲಸ ಅಲ್ಲ ಅಂತ ಅವರಿಗೂ ಗೊತ್ತಿತ್ತು, ಹಾಗಾಗಿ ಹಂತಹಂತವಾಗಿ ಜಾರಿ ಅಂತ ಬರೆದರು. ಆಮೇಲೆ 2012ರ ಆಗಸ್ಟ್ 2ರಂದು ಬಂದ 269ನೇ ಸಂಖ್ಯೆಯ ಕಾನೂನು ನೌಕರರಿಗೆ 3 ವರ್ಷ ಗಡುವು ಕೊಟ್ಟಿತು. ಯಾವ ಭಾಷೆ ಕಲಿಯಬೇಕು? ಕೆಲಸ ಮಾಡುವ ಪ್ರದೇಶದ ಭಾಷೆ.

ಐಮಾರಾ ನಮಗೆ ತೀರಾ ಅಪರಿಚಿತ ಅನಿಸಲ್ಲ. ‘ಉತ’ ಅಂದ್ರೆ ಮನೆ, ‘ಉತನಕ’ ಅಂದ್ರೆ ಮನೆಗಳು, ‘ಉತನಕನ’ ಅಂದ್ರೆ ಮನೆಗಳಲ್ಲಿ. ನಮ್ಮ ಹಾಗೇ ಪದದ ಬಾಲಕ್ಕೆ ಒಂದೊಂದೇ ಪ್ರತ್ಯಯ ಅಂಟಿಸುತ್ತಾ ಹೋಗೋದು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಣ್ಣಾರೆ ಕಂಡದ್ದಾ, ಕೇಳಿದ್ದಾ ಅನ್ನೋದನ್ನ ಐಮಾರಾ ಮಾತಿನಲ್ಲೇ ತೋರಿಸಬೇಕು. ಕನ್ನಡದ ‘ಅಂತೆ’ ನೆನಪಿಸಿಕೊಳ್ಳಿ. ‘ಕಂಬ ಬಿತ್ತು’ ಬೇರೆ, ‘ಕಂಬ ಬಿತ್ತಂತೆ’ ಬೇರೆ. ದೂರು ಬರೆದುಕೊಳ್ಳುವವನಿಗೆ ಈ ಭಾಷೆ ಅರೆಬರೆ ಬಂದು ಆ ‘ಅಂತೆ’ ಬಿಟ್ಟುಹೋದರೆ, ಸುದ್ದಿ ಕೇಳಿದವಳು ಸಾಕ್ಷಿಯಾಗಿಬಿಡ್ತಾಳೆ. ಭಾಷೆ ಗೌರವದ ವಿಷಯ ಅಂತ ಎಲ್ಲರೂ ಹೇಳ್ತಾರೆ, ಸರಿ. ಆದರೆ ಕಚೇರಿಯಲ್ಲಿ ಅದು ಮೊದಲು ಕಾಗದದ ಮೇಲೆ ಏನು ದಾಖಲಾಗುತ್ತೆ ಅನ್ನೋ ವಿಷಯ.

ಬೊಲಿವಿಯಾದಲ್ಲಿ ನೌಕರರಿಗೆ ಕೋರ್ಸುಗಳು ನಡೆದವು, ಸರ್ಟಿಫಿಕೇಟ್ ಬಂತು. ಆದರೂ 2015ರ ಗಡುವು ಮುಗಿದಾಗ ಎಲ್ಲರೂ ಕಲಿತಿರಲಿಲ್ಲ. ಶುರುವಿನ ಹಂತದ ಕೋರ್ಸ್ ಮುಗಿಸಿದವರಿಗೆ ನಮಸ್ಕಾರ ಹೇಳಿ, ಹೆಸರು ಕೇಳೋಕೆ ಬರಬಹುದು. ಜಮೀನಿನ ತಕರಾರು ಕೇಳಿ ಅರ್ಥ ಮಾಡಿಕೊಳ್ಳೋಕೆ ಅಷ್ಟು ಸಾಲದು. ಹಾಗಂತ ನಿಯಮವೇ ದಂಡ ಅಂತ ನಮಗನಿಸಲ್ಲ. ಕೂತವರಿಗೆ ಭಾಷೆ ಕಲಿಸೋದು ಒಂದು ದಾರಿ, ಭಾಷೆ ಬರುವವರನ್ನೇ ಕೂರಿಸೋದು ಇನ್ನೊಂದು. ಎರಡನೆಯದೇ ಹೆಚ್ಚು ಕೆಲಸ ಮಾಡುತ್ತೆ. ಮನೆಯಲ್ಲಿ ಐಮಾರಾ ಆಡಿ ಬೆಳೆದ ಹುಡುಗಿಗೆ ಆ ಭಾಷೆ ಈಗ ಅರ್ಜಿಯಲ್ಲಿ ಬರೆದುಕೊಳ್ಳುವ ಅರ್ಹತೆ.

ನಮ್ಮಲ್ಲೂ 1963ರಿಂದ ರಾಜಭಾಷಾ ಅಧಿನಿಯಮ ಇದೆ, ಕೆಪಿಎಸ್‌ಸಿಯಲ್ಲಿ ಕಡ್ಡಾಯ ಕನ್ನಡ ಇದೆ, ಇಲ್ಲಿಗೆ ಬರುವ ಐಎಎಸ್ ಅಧಿಕಾರಿಗಳೂ ಕನ್ನಡ ಕಲಿಯಬೇಕು. ಆದರೆ ಬೊಲಿವಿಯಾದ ಅಳತೆಗೋಲನ್ನೇ ಇಲ್ಲಿಗೆ ತಂದರೆ ಒಂದು ಮುಜುಗರ ಆಗುತ್ತೆ. ಕೊರಗ ಭಾಷೆ ಆಡುವ ಅಜ್ಜಿಗೋ, ಲಂಬಾಣಿ ತಾಂಡಾದ ಅಜ್ಜನಿಗೋ ಸ್ಪ್ಯಾನಿಷ್‌ನ ಜಾಗದಲ್ಲಿ ಕೂತಿರೋದು ನಮ್ಮ ಕನ್ನಡ. ಕನ್ನಡ ಕ್ಲಬ್‌ನಲ್ಲಿ ಈ ಮಾತು ಎತ್ತಿದಾಗ ಜೋರು ಜಗಳವೇ ಆಯ್ತು, ಇನ್ನೂ ಮುಗಿದಿಲ್ಲ.

ಜಗಳ ಆಡಿದ ಮೇಲೆ ನಮ್ಮನ್ನೇ ಪರೀಕ್ಷೆ ಮಾಡಿಕೊಂಡೆವು. ನಮ್ಮಲ್ಲಿ ಸುಮಾರು ಜನ ಮುಂದೆ ಜೆಇ, ಎಇ ಪರೀಕ್ಷೆ ಬರೆಯೋರೇ, ಅಂದ್ರೆ ಕೌಂಟರಿನ ಒಳಗೆ ಕೂರೋರು. ಹಳ್ಳಿಯಿಂದ ಬಂದ ಗೆಳೆಯ ರೈತ ಆದ, ಎಲೆಕ್ಟ್ರಿಕಲ್‌ನ ಇಬ್ಬರು ಜೆಇ ಆದರು. ಅವನು ಬಂದವನೇ ‘ಟಿಸಿ ಸುಟ್ಟೋಗದೆ ಸಾರ್, ನಾಲ್ಕು ದಿನಾತು’ ಅಂದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಟಿಸಿ ಅಂದ್ರೆ ಅವರಿಗೆ ಗೊತ್ತಿದ್ದದ್ದು ಶಾಲೆ ಬಿಡುವಾಗ ಕೊಡೋ ಕಾಗದ ಮಾತ್ರ. ಒಬ್ಬ ನಿಧಾನಕ್ಕೆ, ‘ಡೂಪ್ಲಿಕೇಟ್‌ಗೆ ಅಪ್ಲೈ ಮಾಡಿ’ ಅಂದ.

ರೈತರ ಬಾಯಲ್ಲಿ ಟಿಸಿ ಅಂದ್ರೆ ಟ್ರಾನ್ಸ್‌ಫಾರ್ಮರ್.