ಅವ್ವನ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ

ಮಂಡ್ಯ ಜಿಲ್ಲೆಯ ಹನಕೆರೆಯ ನಮ್ಮ ಮನೆಯಲ್ಲಿ ಅವ್ವನಿಗೆ ಈಗ 74. ಪಕ್ಕದ ಮನೆಗೆ ಬಂದ ಹೊಸ ಸೊಸೆಯ ಹೆಸರು ನಾಲ್ಕು ಸಲ ಕೇಳಿದರೂ ನೆನಪಲ್ಲಿ ನಿಲ್ಲುವುದಿಲ್ಲ. ಅದೇ ಅವ್ವ ಅಳಗುಳಿಮಣೆ ಮುಂದೆ ಕೂತರೆ, ಹದಿನಾಲ್ಕು ಗುಳಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಯಾವ ಗುಳಿಯ ಹುಣಸೆಬೀಜ ಎತ್ತಿದರೆ ಎಲ್ಲಿಗೆ ಹೋಗಿ ಮುಗಿಯುತ್ತದೆಂದು ಬೀಜ ಮುಟ್ಟುವ ಮೊದಲೇ ಹೇಳುತ್ತಾಳೆ. ‘ಅರವತ್ತಕ್ಕೆ ಅರಳು ಮರಳು’ ಅನ್ನುವವರು ಇದನ್ನು ಒಮ್ಮೆ ನೋಡಬೇಕು.

ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ, ನರಕೋಶಗಳ ನಡುವಿನ ಸಂದೇಶದ ವೇಗವೂ ಇಳಿಯುತ್ತದೆ. ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುವುದು ಹೀಗೆ. ಆದರೆ ಮಾತಿನ ಸಂಪತ್ತು, ಅನುಭವದ ತಿಳಿವಳಿಕೆ ಬಹುಕಾಲ ಗಟ್ಟಿಯಾಗಿರುತ್ತವೆ. ಹೊಸದನ್ನು ಕಲಿತರೆ ಕೋಶಗಳ ನಡುವಿನ ಕೊಂಡಿಗಳು ಈ ವಯಸ್ಸಿನಲ್ಲೂ ಬಲಗೊಳ್ಳುತ್ತವೆ. ಹಾಗಾದರೆ ಮನೆಯವರು ಏನು ಮಾಡಬೇಕು?

ಮೊದಲು ಕಿವಿ, ಕಣ್ಣು ನೋಡಿಸಿ. ಕಿವಿ ಮಂದವಾದವರು ಮಾತುಕತೆಯಿಂದ ದೂರ ಸರಿದು ಮೂಲೆ ಹಿಡಿಯುತ್ತಾರೆ. ಮಿದುಳಿಗೆ ಬರುವ ಕೆಲಸವೂ ಅಲ್ಲಿಗೆ ಕಡಿಮೆ. ಮರೆವಿನ ಕಾಯಿಲೆಯನ್ನು ತಡೆಯಲು ಅಥವಾ ಮುಂದೂಡಲು ನಾವು ತಿದ್ದಿಕೊಳ್ಳಬಹುದಾದ 14 ಅಪಾಯದ ಅಂಶಗಳನ್ನು 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಗುರುತಿಸಿತು. ಕಿವುಡು, ಚಿಕಿತ್ಸೆ ಸಿಗದ ದೃಷ್ಟಿದೋಷ, ಬಿಪಿ, ಸಕ್ಕರೆ ಕಾಯಿಲೆ, ಒಂಟಿತನ ಎಲ್ಲವೂ ಅದರಲ್ಲಿವೆ. ಕಣ್ಣಿನ ಪೊರೆಯ ಆಪರೇಷನ್ನನ್ನು ‘ಸುಗ್ಗಿ ಮುಗೀಲಿ’ ಎಂದು ಮುಂದೂಡಬೇಡಿ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಕೆಲಸ ಬಿಡಿಸಬೇಡಿ. ‘ನೀನು ಸುಮ್ನೆ ಕೂತ್ಕೊ ಅವ್ವ, ನಾವು ಮಾಡ್ತೀವಿ’ ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ನಾನೂ ಎರಡು ವರ್ಷ ಹಾಗೇ ಹೇಳಿದೆ. ಡೈರಿಗೆ ಹಾಲು ಹಾಕಿದ ಲೆಕ್ಕ, ಸಂತೆಯ ಚೀಟಿ, ಅವರೆಕಾಯಿ ಸುಲಿಯುವುದು ಎಲ್ಲವನ್ನೂ ಕಿತ್ತುಕೊಂಡೆ. ಅವ್ವ ಟಿವಿ ಮುಂದೆ ತೂಕಡಿಸತೊಡಗಿದಳು. ಹಾಲಿನ ಲೆಕ್ಕ ವಾಪಸು ಕೊಟ್ಟ ಮೇಲೆ ಮುಖಕ್ಕೆ ಕಳೆ ಬಂತು. ತಪ್ಪಾದರೆ ಆಗಲಿ, ಪಕ್ಕದಲ್ಲಿ ಕೂತು ಮತ್ತೊಮ್ಮೆ ಕೂಡಿಸಿದರಾಯಿತು.

ಗೊತ್ತಿರುವ ಕೆಲಸದ ಜೊತೆಗೆ ಸ್ವಲ್ಪ ಕಷ್ಟದ ಹೊಸದೊಂದಿರಲಿ: ಮೊಮ್ಮಗಳಿಗೆ ವಿಡಿಯೋ ಕಾಲ್ ಮಾಡುವುದು, ಗೊತ್ತಿಲ್ಲದ ಒಂದು ಸೋಬಾನೆ ಪದ ಕಲಿಯುವುದು. ದಿನಕ್ಕೆ ಒಂದೇ ಹಂತ ಹೇಳಿಕೊಡಿ, ಮರುದಿನ ಅವರಿಂದಲೇ ಮಾಡಿಸಿ.

ನಡಿಗೆ ಬೇಕೇ ಬೇಕು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷದಂತೆ ವರ್ಷವಿಡೀ ನಡೆದ ಹಿರಿಯರಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗ ಸುಮಾರು ಶೇ 2ರಷ್ಟು ಹಿಗ್ಗಿತ್ತು. ನಮ್ಮಲ್ಲಿ ಹೆದ್ದಾರಿ ಬದಿ ಬೇಡ. ಬಿಸಿಲೇರುವ ಮೊದಲು ಕಬ್ಬಿನ ಗದ್ದೆ ಪಕ್ಕದ ಗಾಡಿದಾರಿ ಸಾಕು. ಹತ್ತು ನಿಮಿಷದಿಂದ ಶುರುಮಾಡಿ, ಜೊತೆಗೊಬ್ಬರು ಮಾತಿಗಿರಲಿ.

ಅಧ್ಯಯನ ಅಮೆರಿಕದಲ್ಲಷ್ಟೇ ಅಲ್ಲ; ಹಳ್ಳಿಯವರ ಮಿದುಳಿನ ಬಗ್ಗೆ ನಮ್ಮ ರಾಜ್ಯದಲ್ಲೇ ದೊಡ್ಡ ಅಧ್ಯಯನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ 10,000 ಜನರನ್ನು ದೀರ್ಘಕಾಲ ಗಮನಿಸುವ ಗುರಿಯಿಂದ 2018ರಲ್ಲಿ ಇದನ್ನು ಆರಂಭಿಸಿತು.

ಕೊನೆಗೆ, ಯಾವುದು ಬರೀ ವಯಸ್ಸಲ್ಲ ಎಂದು ತಿಳಿದಿರಿ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಮಾಮೂಲು. ದಿನಾ ನಡೆದ ದಾರಿ ತಪ್ಪಿದರೆ, ಉಂಡದ್ದು ಮರೆತು ಮತ್ತೆ ಊಟ ಕೇಳಿದರೆ, ಸಾರು ಮಾಡುವ ಕ್ರಮವೇ ತಿಳಿಯದಾದರೆ ತಡಮಾಡದೆ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದೊಯ್ಯಿರಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಒಂದೇ ದಿನದಲ್ಲಿ ಗೊಂದಲ ಶುರುವಾದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ತುರ್ತು. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಳ್ಳಿ. ಜೊತೆಗೆ ಹೋಗುವವರು ಊರಿಗೆ ಹಬ್ಬಕ್ಕೆ ಬಂದ ಮಗನಲ್ಲ, ದಿನಾ ಜೊತೆಗಿರುವ ಸೊಸೆಯೋ ಮಗಳೋ ಆಗಿರಲಿ; ಡಾಕ್ಟರು ಕೇಳುವುದಕ್ಕೆ ಉತ್ತರ ಗೊತ್ತಿರುವುದು ಅವರಿಗೇ.