ಎಂಜಿನ್ ಬಿಚ್ಚುವ ಹುಡುಗರಿಗೆ ಸಂದಿನ ಅಳತೆಯ ಕಿವಿಮಾತು

ಕ್ರ್ಯಾಂಕ್ ಜರ್ನಲ್‌ಗೂ ಬೇರಿಂಗ್ ಶೆಲ್‌ಗೂ ನಡುವೆ ಇರುವ ಸಂದು ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. 50 ಮಿ.ಮೀ. ಜರ್ನಲ್‌ಗೆ 0.05 ಮಿ.ಮೀ. ಎಂಬುದು ಹಳಬರ ಅಂದಾಜು ಲೆಕ್ಕ. ಸರಿಯಾದ ಲೆಕ್ಕ ಆ ಎಂಜಿನ್ನಿನ ಪುಸ್ತಕದಲ್ಲೇ ಇರುತ್ತದೆ. ಸಂದು ಕಡಿಮೆಯಾದರೆ ಆಯಿಲ್ ಒಳಗೆ ನಿಲ್ಲುವುದಿಲ್ಲ, ಬೇರಿಂಗ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಆಯಿಲ್ ಬದಿಯಿಂದ ಸೋರಿ ಪ್ರೆಷರ್ ಬೀಳುತ್ತದೆ, ಎಂಜಿನ್ ಬಡಿಯಲು ಶುರುವಾಗುತ್ತದೆ. ಮುಚ್ಚಿದ ಮೇಲೆ ಅಲ್ಲಿಗೆ ಕಣ್ಣೂ ಹೋಗದು, ಕೈಯೂ ಹೋಗದು. ಆದ್ದರಿಂದ ಏನನ್ನಾದರೂ ಒಳಗಿಟ್ಟು, ಅದು ಎಷ್ಟು ಜಜ್ಜಿತು ಎಂದು ನೋಡಬೇಕು. ಇಡುವ ವಸ್ತು ಯಾವುದು ಎಂಬುದರ ಮೇಲೆ ಅರ್ಧ ಕೆಲಸ ನಿಂತಿದೆ.

• ಶೆಲ್ ಬೇರಿಂಗ್‌ಗೆ ಪ್ಲಾಸ್ಟಿಗೇಜ್ ಬಿಟ್ಟು ಬೇರೆ ಹುಡುಕಬೇಡ. ಮೇಣದಂಥ ಸಣ್ಣ ಎಳೆ ಅದು. ಕ್ಯಾಪ್ ಬಿಗಿದಾಗ ಚಪ್ಪಟೆಯಾಗುತ್ತದೆ. ಸಂದು ಕಿರಿದಾದಷ್ಟೂ ಪಟ್ಟಿ ಅಗಲ, ಸಂದು ದೊಡ್ಡದಾದಷ್ಟೂ ಪಟ್ಟಿ ಸಣ್ಣ. ಹೊಸಬರು ಇದನ್ನು ಉಲ್ಟಾ ಓದುತ್ತಾರೆ. ಸಾಮಾನ್ಯವಾಗಿ ಸಿಗುವುದರಲ್ಲಿ ಹಸಿರು ಎಳೆ 0.025ರಿಂದ 0.076 ಮಿ.ಮೀ.ವರೆಗೆ, ಕೆಂಪು 0.05ರಿಂದ 0.15ರವರೆಗೆ, ನೀಲಿ 0.10ರಿಂದ 0.23ರವರೆಗೆ. ಕಾರಿನ ಎಂಜಿನ್ನಿಗೆ ಬಹುಪಾಲು ಹಸಿರೇ ಸಾಕು. ಆದರೂ ಬೇರೆ ಕಂಪನಿಯ ಬಣ್ಣ ಬೇರೆ ಇರಬಹುದು, ಪಾಕೀಟಿನ ಮೇಲಿರುವುದನ್ನು ಓದಿಯೇ ಕತ್ತರಿಸು.

• ಎಳೆ ಇಡುವ ಮುನ್ನ ಜರ್ನಲ್ಲೂ ಶೆಲ್ಲೂ ಒಣಗಿರಲಿ. ಆ ಎಳೆ ಆಯಿಲ್‌ನಲ್ಲಿ ಕರಗುವಂಥದ್ದು, ಜಿಡ್ಡಿದ್ದರೆ ಅಳತೆ ಕೆಟ್ಟಿತೆಂದೇ ತಿಳಿ. ಶೆಲ್ಲಿನ ಬೆನ್ನಿಗೆ ಅಂಟಿದ ಕಾಟನ್ ವೇಸ್ಟಿನ ಒಂದು ನಾರೂ ಸುಳ್ಳು ಹೇಳಿಸುತ್ತದೆ. ಎಳೆಯನ್ನು ಶಾಫ್ಟಿನ ಉದ್ದಕ್ಕೆ, ಆಯಿಲ್ ತೂತು ತಪ್ಪಿಸಿ ಇಡು. ಕ್ಯಾಪಿನ ಗುರುತು ನೋಡಿ ಅದೇ ದಿಕ್ಕಿಗೆ ಕೂರಿಸು. ಟಾರ್ಕ್ ರೆಂಚಿನಿಂದ ಪುಸ್ತಕ ಹೇಳಿದಷ್ಟು, ಹಂತಹಂತವಾಗಿ ಬಿಗಿ. ಅಂದಾಜಿನ ಪಾನಾ ಇಲ್ಲಿ ನಡೆಯದು.

• ಎಳೆ ಒಳಗಿರುವಾಗ ಕ್ರ್ಯಾಂಕ್ ತಿರುಗಿಸಬೇಡ. ಪಕ್ಕದಲ್ಲಿ ಯಾರಾದರೂ ಕೈಹಾಕಿಯಾರು, ಮೊದಲೇ ಕೂಗಿ ಹೇಳು. ಒಂದಿಷ್ಟು ಜರುಗಿದರೂ ಪಟ್ಟಿ ಉಜ್ಜಿಹೋಗುತ್ತದೆ. ಆಮೇಲೆ ಹೊಸ ಎಳೆಯೇ ಗತಿ.

• ಬಿಚ್ಚಿದ ಮೇಲೆ ಅವಸರ ಮಾಡಬೇಡ ಕಣಪ್ಪ. ಪಟ್ಟಿ ಕ್ಯಾಪಿಗೆ ಅಂಟಿದ್ದರೆ ಅಲ್ಲೇ, ಜರ್ನಲ್‌ಗೆ ಅಂಟಿದ್ದರೆ ಅಲ್ಲೇ ಬಿಡು, ಕಿತ್ತು ಅಳೆಯುವುದಲ್ಲ. ಪಾಕೀಟಿನ ಅಂಚಿನಲ್ಲಿ ಅಚ್ಚಾದ ಗೆರೆಗಳನ್ನು ಅದರ ಪಕ್ಕ ಹಿಡಿದು ಅಗಲ ಹೊಂದಿಸು. ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ ಇದ್ದರೆ ಜರ್ನಲ್ಲು ಟೇಪರ್ ಆಗಿರಬಹುದು, ಇಲ್ಲವೇ ಕ್ಯಾಪ್ ಓರೆಯಾಗಿ ಕೂತಿರಬಹುದು. ಆ ವ್ಯತ್ಯಾಸ ನೋಡಲು ಕಲಿತವನೇ ಬೇರಿಂಗ್ ಓದಬಲ್ಲ. ಓದಿಯಾದ ಮೇಲೆ ಆಯಿಲ್ ಸವರಿ ಬಟ್ಟೆಯಲ್ಲಿ ಒರೆಸು. ಬ್ಲೇಡು ತಗುಲಿಸಬೇಡ.

• ಎಂಜಿನ್ ಗಾಡಿಯಲ್ಲೇ ಇದ್ದು ಕೆಳಗಿನಿಂದ ಮೇನ್ ಬೇರಿಂಗ್ ನೋಡುವುದಾದರೆ, ಕ್ರ್ಯಾಂಕಿನ ತೂಕವೆಲ್ಲ ಕೆಳಗಿನ ಕ್ಯಾಪಿನ ಮೇಲೆ ಬಿದ್ದಿರುತ್ತದೆ. ಸಣ್ಣ ಜಾಕಿನಿಂದ ಕ್ರ್ಯಾಂಕನ್ನು ಮೇಲಿನ ಶೆಲ್ಲಿಗೆ ಒತ್ತಿ ನಿಲ್ಲಿಸಿದ ಮೇಲೆ ಅಳೆ. ಇಲ್ಲದಿದ್ದರೆ ಇಲ್ಲದ ಬಿಗಿ ಕಾಣುತ್ತದೆ.

• ಪ್ಲಾಸ್ಟಿಗೇಜ್ ಹೇಳುವುದು ಆ ಒಂದು ಜಾಗದ ಮಾತು ಮಾತ್ರ. ಜರ್ನಲ್ಲು ಅಂಡಾಕಾರಕ್ಕೆ ಸವೆದಿದೆಯೇ ಎಂದು ತಿಳಿಯಲು ಮೈಕ್ರೋಮೀಟರ್ ಬೇಕು.

• ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಬಂಪ್ ಕ್ಲಿಯರೆನ್ಸಿಗೆ ಸೀಸದ ತಂತಿ. ಹೊಲದ ಪಂಪ್‌ಸೆಟ್ಟಿಗೆ ಹಾಕುತ್ತಿದ್ದ 5 ಎಚ್‌ಪಿ ಕಿರ್ಲೋಸ್ಕರ್ ಎವಿ1 ನೋಡು: 80 ಮಿ.ಮೀ. ಬೋರ್, 110 ಸ್ಟ್ರೋಕ್. ಪಿಸ್ಟನ್ ನೆತ್ತಿಯ ಮೇಲೆ ಗಜನ್ ಪಿನ್ನಿನ ನೇರಕ್ಕೆ, ಆ ಬದಿ ಒಂದು ಈ ಬದಿ ಒಂದು ತುಂಡನ್ನು ಚಿಟಿಕೆ ಗ್ರೀಸಿನಲ್ಲಿ ಅಂಟಿಸು. ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿದು ಫ್ಲೈವೀಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ ಮೇಲಿನ ಡೆಡ್ ಸೆಂಟರ್ ದಾಟಿಸು. ತೆಗೆದು ಎರಡನ್ನೂ ಮೈಕ್ರೋಮೀಟರಿನಲ್ಲಿ ಹಿಡಿ. ಎರಡೂ ಒಂದೇ ಬರಬೇಕು. ಬರದಿದ್ದರೆ ಪ್ಯಾಕಿಂಗ್ ಬದಲಿಸುವ ಮುನ್ನ ಕನೆಕ್ಟಿಂಗ್ ರಾಡ್ ಬಾಗಿದೆಯೇ ಎಂದು ನೋಡು.

• ಅಂಗಡಿಯಲ್ಲಿ "ಫ್ಯೂಸ್ ವೈರ್" ಎಂದು ಕೊಡುವುದು ಸಾಮಾನ್ಯವಾಗಿ ತವರ ಹಚ್ಚಿದ ತಾಮ್ರ. ಅದು ಜಜ್ಜುವುದಿಲ್ಲ, ಪಿಸ್ಟನ್ನಿಗೆ ಗುಳಿ ಬೀಳಿಸುತ್ತದೆ. ಸೀಸವಾದರೆ ಉಗುರಿನಲ್ಲಿ ಗೀರಿದರೆ ಗೆರೆ ಮೂಡುತ್ತದೆ, ಬಗ್ಗಿಸಿದರೆ ಪುಟಿಯದೆ ಹಾಗೇ ನಿಲ್ಲುತ್ತದೆ. ಒಳಗೆ ಫ್ಲಕ್ಸ್ ತುಂಬಿದ ಸೋಲ್ಡರ್ ವೈರೂ ಬೇಡ. ದಪ್ಪ, ನಿರೀಕ್ಷಿಸುವ ಸಂದಿನ ಒಂದೂವರೆ ಪಟ್ಟು ಇದ್ದರೆ ಸಾಕು. ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುವ ಚಾಳಿ ಇವತ್ತೇ ಬಿಡು. ಸೀಸ ವಿಷ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆ.

• ಗೇರ್ ಹಲ್ಲುಗಳ ಪ್ಲೇ ಅಳೆಯಲೂ ಇದೇ ತಂತಿ. ಹಲ್ಲಿನ ಎರಡೂ ಮಗ್ಗುಲಲ್ಲಿ ಜಜ್ಜಿದ ದಪ್ಪವನ್ನು ಕೂಡಿಸಿದರೆ ಬ್ಯಾಕ್‌ಲ್ಯಾಶ್ ಸಿಗುತ್ತದೆ.

• ಫೀಲರ್ ಗೇಜು ಚಪ್ಪಟೆ ಸಂದಿಗೆ. ದುಂಡಗಿನ ಬೇರಿಂಗಿನ ಸಂದಿನಲ್ಲಿ ಚಪ್ಪಟೆ ಎಲೆ ಸರಿಯಾಗಿ ಕೂರದು, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸವೆದು ಗುಳಿ ಬಿದ್ದ ರಾಕರ್ ತುದಿಯಲ್ಲೂ ಇದೇ ಮೋಸ: ಎಲೆ ಗುಳಿಯ ಮೇಲೆ ಸೇತುವೆಯಂತೆ ನಿಲ್ಲುತ್ತದೆ, ನೀನು ಸರಿಯಾಗಿದೆ ಅಂದುಕೊಳ್ಳುತ್ತೀಯ, ಟ್ಯಾಪೆಟ್ ಮಾತ್ರ ಟಕಟಕ ಎನ್ನುತ್ತಲೇ ಇರುತ್ತದೆ. ಕೈಯ ಬಿಗಿ ನಂಬಿ ಒಂದೇ ಎಲೆಯಲ್ಲಿ ತೀರ್ಮಾನಿಸಬೇಡ. 0.20 ಹೋಗಬೇಕು, 0.25 ಹೋಗಬಾರದು, ಹಾಗೆ ಎರಡು ಎಲೆಯ ನಡುವೆ ಹಿಡಿ. ಮಡಚಿ ಮುದುರಿದ ಎಲೆಯನ್ನು ಸೆಟ್ಟಿನಿಂದ ತೆಗೆದೇ ಬಿಡು.

• ಪ್ರಷ್ಯನ್ ಬ್ಲೂ ಸಂದು ಅಳೆಯುವುದಿಲ್ಲ, ಎಲ್ಲಿ ತಾಗುತ್ತಿದೆ ಎಂದು ತೋರಿಸುತ್ತದೆ. ಬೆಂಗಳೂರಿನ ಎಚ್‌ಎಂಟಿ, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡಿದ ಊರುಗಳ ನಾಡು ನಮ್ಮದು. ಬೆಡ್ಡಿಗೆ ನೀಲಿ ಹಚ್ಚಿ, ಉಜ್ಜಿ, ಎದ್ದ ಚುಕ್ಕೆಗಳನ್ನು ಸ್ಕ್ರೇಪರಿನಿಂದ ಕೆರೆಯುವ ಕಸುಬು ಇನ್ನೂ ಬಲ್ಲವರು ನಿನ್ನ ಸುತ್ತಲೇ ಇದ್ದಾರೆ, ಹೋಗಿ ಪಕ್ಕದಲ್ಲಿ ನಿಂತು ನೋಡು. ನೀಲಿ ತೆಳುವಾಗಿರಲಿ. ದಪ್ಪ ಬಳಿದರೆ ತಾಗದ ಕಡೆಯೂ ತಾಗಿದಂತೆ ಕಾಣುತ್ತದೆ.

• ಹೆಡ್ ಕೆತ್ತಿಸಿದ್ದರೆ, ಕ್ಯಾಮ್ ಬದಲಿಸಿದ್ದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆಯೇ ಎಂದು ಮಕ್ಕಳ ಆಟದ ಜೇಡಿಯಿಂದ ನೋಡಬಹುದು. ಪಿಸ್ಟನ್ ಮೇಲೆ ಒಂದು ಪದರ ಹಚ್ಚಿ, ವಾಲ್ವಿಗೆ ಆಯಿಲ್ ಸವರಿ, ಹೆಡ್ ಕೂರಿಸಿ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸು, ಬಲ ಹಾಕಬೇಡ. ಆಮೇಲೆ ಜೇಡಿಯನ್ನು ಕೊಯ್ದು ಅತಿ ತೆಳುವಾದ ಜಾಗ ಅಳೆ.

• ಬಿಸಿ ಎಂಜಿನ್ ಅಳೆಯಬೇಡ. ಅಳತೆಗೆ ಒಪ್ಪಿತ ಉಷ್ಣತೆ 20 ಡಿಗ್ರಿ. 100 ಮಿ.ಮೀ. ಉಕ್ಕು 10 ಡಿಗ್ರಿ ಏರಿದರೆ ಸುಮಾರು 0.011 ಮಿ.ಮೀ. ಬೆಳೆಯುತ್ತದೆ, ನಾವು ಲೆಕ್ಕ ಹಾಕುವ ಸಂದಿನಲ್ಲಿ ಅದು ಸಣ್ಣದಲ್ಲ. ರಾಯಚೂರಿನ ಬೇಸಗೆಯಲ್ಲಿ 20 ಎಲ್ಲಿಂದ ಬರಬೇಕು ಎನ್ನುತ್ತೀಯ. ಕ್ರ್ಯಾಂಕು, ಬ್ಲಾಕು, ಮೈಕ್ರೋಮೀಟರು ಮೂರನ್ನೂ ಹಿಂದಿನ ರಾತ್ರಿಯೇ ಒಂದೇ ನೆರಳಿನಲ್ಲಿಡು, ಬೆಳಿಗ್ಗೆ ಬೇಗ ಅಳೆ.

• ಜಜ್ಜಿದ ಸೀಸದ ತುಂಡುಗಳನ್ನು ಎಸೆಯಬೇಡ. ಸಿಲಿಂಡರ್ ನಂಬರು, ತಾರೀಖು ಬರೆದು ಟೇಪಿನಿಂದ ಜಾಬ್ ಪುಸ್ತಕಕ್ಕೆ ಅಂಟಿಸು. ಮುಂದಿನ ಸಲ ಅದೇ ಎಂಜಿನ್ ಬಂದಾಗ ಸವೆತ ಎಷ್ಟೆಂದು ಪಕ್ಕಪಕ್ಕ ಇಟ್ಟು ನೋಡಬಹುದು. ಮುಚ್ಚುವ ಮುನ್ನ ಇಟ್ಟ ತುಂಡು ಎಷ್ಟು, ಬಂದದ್ದು ಎಷ್ಟು ಎಂದು ಎಣಿಸು. ಒಂದು ಚೂರು ಒಳಗೆ ಉಳಿದು ಆಯಿಲ್ ದಾರಿಗೆ ಸಿಕ್ಕಿದರೆ ಬೇರಿಂಗ್ ಹೋಯಿತು. ಕಡೆಗೆ ಶೆಲ್ಲಿಗೆ ಆಯಿಲ್ ಧಾರಾಳವಾಗಿ ಹಚ್ಚಿ ಕ್ಯಾಪ್ ಮತ್ತೆ ಟಾರ್ಕಿಗೆ ಬಿಗಿ. ಒಮ್ಮೆ ಮಾತ್ರ ಬಳಸುವ ಬೋಲ್ಟಾಗಿದ್ದರೆ ಅಳತೆಗೆ ಹಳೆಯದು, ಮುಚ್ಚಲು ಹೊಸದು.