ವಾಣಿಜ್ಯ ಮಳಿಗೆಗಳಿಗೆ ವಿದ್ಯುತ್ ಪರಿವರ್ತಕ: ಸಾಮರ್ಥ್ಯದ ಆಯ್ಕೆ ಮತ್ತು ರಕ್ಷಣೆ



ಗ್ರಾಮ ಪಂಚಾಯತಿಯು ಮಳಿಗೆಗಳನ್ನು ನಿರ್ಮಿಸಿ ಬಾಡಿಗೆಗೆ ನೀಡುವಾಗ ಕಟ್ಟಡಕ್ಕೆ ದೊರೆಯುವಷ್ಟು ಗಮನವು ವಿದ್ಯುತ್ ಪರಿವರ್ತಕಕ್ಕೆ, ಅಂದರೆ ಜನರು ಟಿ.ಸಿ. ಎಂದು ಕರೆಯುವ ಸಾಧನಕ್ಕೆ, ದೊರೆಯುವುದಿಲ್ಲ. ಅದು ಸುಟ್ಟುಹೋದ ದಿನ ಎಲ್ಲ ಮಳಿಗೆಗಳ ವ್ಯವಹಾರವೂ ನಿಲ್ಲುತ್ತದೆ. ಅಂದಾಜುಪಟ್ಟಿಗೆ ಅನುಮೋದನೆ ನೀಡುವ ಮುನ್ನ ಸದಸ್ಯರು ಅರಿತಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

1. ಹೊರೆಯ ಲೆಕ್ಕ

ಒಂದು ಮಾದರಿ ಲೆಕ್ಕವನ್ನು ಪರಿಶೀಲಿಸೋಣ. 12 ಮಳಿಗೆಗಳಿಗೆ ತಲಾ 2 ಕಿಲೋವ್ಯಾಟ್‌ನಂತೆ 24, ಹಿಟ್ಟಿನ ಗಿರಣಿಯ 15 ಅಶ್ವಶಕ್ತಿಯ ಮೋಟಾರಿಗೆ 11.2, ಕೊಳವೆಬಾವಿಯ 10 ಅಶ್ವಶಕ್ತಿಯ ಪಂಪಿಗೆ 7.5, ಶುದ್ಧ ಕುಡಿಯುವ ನೀರಿನ ಘಟಕಕ್ಕೆ 3, ಆವರಣದ ದೀಪಗಳಿಗೆ 2.3, ಒಟ್ಟು 48 ಕಿಲೋವ್ಯಾಟ್. ಇವೆಲ್ಲವೂ ಏಕಕಾಲದಲ್ಲಿ ನಡೆಯುವುದಿಲ್ಲ. ಶೇ. 70ರಷ್ಟು ನಡೆಯುವುದೆಂದು ಹಿಡಿದರೆ 33.6 ಕಿಲೋವ್ಯಾಟ್ ಆಗುತ್ತದೆ. ಪರಿವರ್ತಕದ ಸಾಮರ್ಥ್ಯವನ್ನು ಕೆ.ವಿ.ಎ.ಯಲ್ಲಿ ಹೇಳುವುದರಿಂದ ಇದನ್ನು 0.85ರ ಪವರ್ ಫ್ಯಾಕ್ಟರ್‌ನಿಂದ ಭಾಗಿಸಬೇಕು; ಸುಮಾರು 39.5 ಬರುತ್ತದೆ. ಮೋಟಾರು ಚಾಲನೆಗೊಳ್ಳುವಾಗಿನ ಹೆಚ್ಚುವರಿ ಸೆಳೆತಕ್ಕೂ ಮುಂದಿನ ಬೆಳವಣಿಗೆಗೂ ಶೇ. 25 ಸೇರಿಸಿದರೆ 49.4 ಕೆ.ವಿ.ಎ. ಬೇಕಾಗುತ್ತದೆ. ಬಳಕೆಯಲ್ಲಿರುವ 25, 63 ಮತ್ತು 100 ಕೆ.ವಿ.ಎ. ಪರಿವರ್ತಕಗಳಲ್ಲಿ ಇದಕ್ಕೆ 63 ತಕ್ಕುದು.

25 ಕೆ.ವಿ.ಎ.ಯದನ್ನು ಅಳವಡಿಸಿದರೆ ಸುರುಳಿಗಳು ಕಾದು, ಅವುಗಳ ಹೊದಿಕೆ ಬೇಗನೆ ಹಾಳಾಗುತ್ತದೆ. 100 ಕೆ.ವಿ.ಎ.ಯದನ್ನು ಅಳವಡಿಸಿದರೆ ಖರೀದಿಯ ವೆಚ್ಚ ಏರುವುದಲ್ಲದೆ, ಮಳಿಗೆಗಳು ಮುಚ್ಚಿರುವ ರಾತ್ರಿಯಲ್ಲಿಯೂ ಅದರ ಕಬ್ಬಿಣದ ತಿರುಳಿನಲ್ಲಿ ಹೆಚ್ಚು ವಿದ್ಯುತ್ ನಷ್ಟವಾಗುತ್ತಿರುತ್ತದೆ.

2. ಮೂರು ಫೇಸ್‌ಗಳ ಸಮತೋಲನ

63 ಕೆ.ವಿ.ಎ. ಪರಿವರ್ತಕವು 433 ವೋಲ್ಟ್‌ನಲ್ಲಿ ಪ್ರತಿ ಫೇಸ್‌ಗೆ ಸುಮಾರು 84 ಆಂಪಿಯರ್ ನೀಡಬಲ್ಲದು. ಹನ್ನೆರಡೂ ಮಳಿಗೆಗಳನ್ನು ಒಂದೇ ಫೇಸ್‌ಗೆ ಜೋಡಿಸಿದರೆ, ಅವೆಲ್ಲ ಪೂರ್ಣ ಬಳಕೆಯಲ್ಲಿರುವಾಗ ಆ ಫೇಸ್ ಒಂದರಲ್ಲೇ 100 ಆಂಪಿಯರ್‌ಗಿಂತ ಅಧಿಕ ಹರಿಯುತ್ತದೆ. ಒಟ್ಟು ಲೆಕ್ಕ ಸರಿಯಿದ್ದರೂ ಪರಿವರ್ತಕ ಸುಡಲು ಇಷ್ಟು ಸಾಕು. ಆದುದರಿಂದ ಫೇಸ್‌ಗೆ ನಾಲ್ಕು ಮಳಿಗೆಗಳಂತೆ ಹಂಚತಕ್ಕದ್ದು.

3. ರಕ್ಷಣೆ

11 ಕೆ.ವಿ. ಬದಿಯಲ್ಲಿ ಸಿಡಿಲು ನಿರೋಧಕ, ಜಿ.ಓ.ಎಸ್. ಸ್ವಿಚ್ ಮತ್ತು ಫ್ಯೂಸ್ ಇರಬೇಕು. ಮಳಿಗೆಗಳ ಬದಿಯಲ್ಲಿ ಸಾಮರ್ಥ್ಯಕ್ಕೆ ಹೊಂದುವ ಸರ್ಕ್ಯೂಟ್ ಬ್ರೇಕರ್ ಅಥವಾ ಫ್ಯೂಸ್ ಇರಬೇಕು. ನ್ಯೂಟ್ರಲ್, ಪರಿವರ್ತಕದ ಹೊರಕವಚ ಮತ್ತು ಸಿಡಿಲು ನಿರೋಧಕಗಳಿಗೆ ಪ್ರತ್ಯೇಕ ಅರ್ಥಿಂಗ್ ಗುಂಡಿಗಳು ಅಗತ್ಯ. ಬೇಸಿಗೆಯಲ್ಲಿ ಅವುಗಳಿಗೆ ನೀರುಣಿಸಬೇಕು.

ಫ್ಯೂಸ್ ತಂತಿಯು ತಾನು ಕರಗಿ ಪರಿವರ್ತಕವನ್ನು ಉಳಿಸುತ್ತದೆ. ಅದರ ಬದಲಿಗೆ ದಪ್ಪ ತಂತಿ ಕಟ್ಟಿದರೆ ಪರಿವರ್ತಕದ ಸುರುಳಿಯೇ ಸುಡುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಹೊರೆ ಮಿತಿಮೀರಿದೆ ಅಥವಾ ಎಲ್ಲಿಯೋ ದೋಷವಿದೆ ಎಂದು ತಿಳಿಯಬೇಕು.

4. ಸದಸ್ಯರ ಹೊಣೆ

ಪರಿವರ್ತಕದ ಸುತ್ತ ಬೇಲಿ ಹಾಗೂ ಅಪಾಯ ಫಲಕ ಇರುವಂತೆಯೂ, ಬೇಲಿಗೆ ದನಕರು ಕಟ್ಟದಂತೆಯೂ, ಬಳ್ಳಿ ಹಬ್ಬದಂತೆಯೂ ನೋಡಿಕೊಳ್ಳಬೇಕು. ಎಣ್ಣೆ ಸೋರುತ್ತಿದ್ದರೆ, ಅಥವಾ ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸಬೇಕು. ತುರ್ತು ದೂರಿಗೆ 1912 ಸಂಖ್ಯೆಗೆ ಕರೆ ಮಾಡಬಹುದು. ಎಷ್ಟೇ ಒತ್ತಡವಿದ್ದರೂ ನೀರುಗಂಟಿಯನ್ನಾಗಲಿ ಊರಿನ ಯುವಕರನ್ನಾಗಲಿ ಕಂಬ ಹತ್ತಿಸಕೂಡದು. ಒಂದು ಸಂಜೆಯ ಕತ್ತಲನ್ನು ಸಹಿಸಬಹುದು. ಹೋದ ಜೀವವನ್ನು ಯಾವ ನಿರ್ಣಯವೂ ಮರಳಿ ತರಲಾರದು.